ಮಬ್ಬು ಎಲ್ಲಿಂದ ಬಂತು? ಲೆನ್ಸ್ ಬದಲಿಸುವ ಮೊದಲು ಮಾಡಬೇಕಾದ ಪತ್ತೆ

ಕೃಷ್ಣಾಷ್ಟಮಿಯ ಉತ್ಸವವಾದ ವಿಟ್ಲಪಿಂಡಿಯ ಮರುದಿನ ಬೆಳಿಗ್ಗೆ ಭಾವ ಅಂಬಲಪಾಡಿಯ ನಮ್ಮ ಮನೆಗೆ ಬಂದವರೇ ಕ್ಯಾಮೆರಾ ಬ್ಯಾಗನ್ನು ಜಗಲಿಯ ಮೇಲಿಟ್ಟು, "ಇದು ಇನ್ನು ಆಗುವುದಿಲ್ಲ ಮಾರಾಯ. ಲೆನ್ಸ್ ಹೋಯಿತು. ಹೊಸದಕ್ಕೆ ಎಷ್ಟಾಗ್ತದೆ ನೋಡು" ಎಂದರು. ಮಂಗಳೂರಿನಿಂದ ಕಾರಿನಲ್ಲಿ ಬಂದು ಉಡುಪಿಯ ರಥಬೀದಿಯಲ್ಲಿ ಹುಲಿವೇಷದ ಸುಮಾರು ನಾಲ್ಕುನೂರು ಫೋಟೋ ಹೊಡೆದಿದ್ದರು. ಅರ್ಧಕ್ಕರ್ಧ ಮಬ್ಬು. ಹಳದಿ ಬಣ್ಣ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು.

"ಮೆಮೊರಿ ಕಾರ್ಡ್ ಕೊಡಿ ಭಾವ. ಲೆನ್ಸ್ ಆಮೇಲೆ ನೋಡುವ."

ನಾನು ಹೇಳಬೇಕಾದ್ದು ಇಷ್ಟೇ. ಮಬ್ಬು ಎಂದ ಕೂಡಲೇ ನಾವು ಲೆನ್ಸನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತೇವೆ, ಬಟ್ಟೆಯಿಂದ ತಿಕ್ಕುತ್ತೇವೆ, ಇಲ್ಲವೇ ಹೊಸದರ ಬೆಲೆ ಹುಡುಕುತ್ತೇವೆ. ಆದರೆ ದೋಷದ ಗುರುತು ಇರುವುದು ತೆಗೆದ ಫೋಟೋಗಳಲ್ಲಿ. ಮೊದಲು ಫೋಟೋ ನೋಡಿ, ಆಮೇಲೆ ಟಾರ್ಚ್ ಹಿಡಿಯಿರಿ, ಪರ್ಸಿಗೆ ಕೈಹಾಕುವುದು ಕೊನೆಗೆ. ಒಂದೇ ಕಾರ್ಡಿನಲ್ಲಿ ಎರಡು ಮೂರು ದೋಷ ಒಟ್ಟಿಗೆ ಇರಬಹುದು ಎಂಬುದನ್ನೂ ನೆನಪಿಡಿ. ಭಾವನ ಕಾರ್ಡಿನಲ್ಲಿ ಮೂರಿದ್ದವು.

ಫೋಟೋ ವಿಂಗಡಣೆ

ಕಂಪ್ಯೂಟರಿನಲ್ಲಿ ಫೋಟೋಗಳನ್ನು ತೆಗೆದ ಸಮಯದ ಪ್ರಕಾರ ಸಾಲಾಗಿ ಇಡಿ. ಮಬ್ಬಾದವಕ್ಕೆ ಗುರುತು ಹಾಕಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ತೀರ್ಪು ಕೊಡಬೇಡಿ. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಥವಾ ಬಿಸಿಲಿಗೆ ಎಲ್ಲವೂ ಕೆಟ್ಟದಾಗಿ ಕಾಣುತ್ತದೆ. ದೊಡ್ಡ ಪರದೆಯಲ್ಲಿ ನೂರು ಶೇಕಡಾ ಗಾತ್ರಕ್ಕೆ ಹಿಗ್ಗಿಸಿ ನೋಡಿ.

ಮಬ್ಬೆಲ್ಲ ಮೊದಲ ಹತ್ತು ಇಪ್ಪತ್ತು ನಿಮಿಷದಲ್ಲಿ ಗುಂಪಾಗಿ ಬಿದ್ದು, ಆಮೇಲೆ ತಾನಾಗಿ ತಿಳಿಯಾಗಿದ್ದರೆ ಅದು ಗಾಜು ಬೆವರಿದ್ದು. ದೀಪ ಅಥವಾ ಸೂರ್ಯ ಎದುರಿಗಿದ್ದಾಗ ಮಾತ್ರ ಮಬ್ಬಾಗಿ, ಬೆಳಕು ಬೆನ್ನ ಹಿಂದಿದ್ದಾಗ ಚೆನ್ನಾಗಿದ್ದರೆ ಫಿಲ್ಟರ್ (ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಗಾಜು) ಅಥವಾ ಲೆನ್ಸ್ ಕೊಳೆಯಾಗಿದೆ, ಇಲ್ಲವೇ ಒಳಗೆ ಫಂಗಸ್ (ಬೂಷ್ಟು) ಹಿಡಿದಿದೆ. ಚಿತ್ರದಲ್ಲಿದ್ದದ್ದೆಲ್ಲ, ಗೋಡೆ ಕಂಬ ಸಹಿತ, ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ನಡುಗಿದೆ. ಕಂಬ ಚೊಕ್ಕವಾಗಿದ್ದು ಹುಲಿಯ ಕೈಕಾಲು ಮಾತ್ರ ಕಲಸಿಹೋಗಿದ್ದರೆ ಶಟರ್ (ಬೆಳಕನ್ನು ಒಳಬಿಟ್ಟು ಮುಚ್ಚುವ ಬಾಗಿಲು) ನಿಧಾನವಾಗಿದೆ. ವೇಷಧಾರಿಯ ಮುಖ ಮಸುಕು, ಹಿಂದೆ ನಿಂತವರ ಕನ್ನಡಕ ಮಾತ್ರ ಚೊಕ್ಕ ಎಂದಾದರೆ ಫೋಕಸ್ ಬೇರೆಲ್ಲೋ ಬಿದ್ದಿದೆ.

ಇನ್ನು ಕೆಲವು ಲೆನ್ಸಿನ ತಪ್ಪೇ ಅಲ್ಲ. ಮಲ್ಪೆಯ ದಡದಲ್ಲಿ ನಿಂತು ಮಧ್ಯಾಹ್ನ ಸೇಂಟ್ ಮೇರೀಸ್ ದ್ವೀಪವನ್ನೋ ದೂರದ ದೋಣಿಯನ್ನೋ ಉದ್ದದ ಲೆನ್ಸಿನಲ್ಲಿ ತೆಗೆದರೆ ಅದು ನೀರಿನಡಿ ಇಟ್ಟ ಹಾಗೆ ಅಲುಗಾಡಿಕೊಂಡು ಬರುತ್ತದೆ. ಕಾದ ಮರಳಿನ ಮೇಲಿನ ಗಾಳಿ ಬೆಳಕನ್ನು ವಕ್ರ ಮಾಡುವುದರಿಂದ ಹೀಗಾಗುತ್ತದೆ. ಹತ್ತಿರದ್ದು ಚೊಕ್ಕ, ದೂರದ್ದು ಮಾತ್ರ ಹಾಳು ಎಂದಾದರೆ ಇದೇ ಕಾರಣ. ಲಕ್ಷ ರೂಪಾಯಿಯ ಲೆನ್ಸೂ ಇದನ್ನು ಸರಿಮಾಡುವುದಿಲ್ಲ, ಬೆಳಿಗ್ಗೆ ಬೇಗ ಎದ್ದು ಹೋಗಬೇಕು. ಆಕಾಶದಲ್ಲಿ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದು, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಕಿರಿದಾದ ಎಫ್/16ರಲ್ಲಿ ಎದ್ದು ಕಂಡು ಅಗಲವಾದ ಎಫ್/4ರಲ್ಲಿ ಮಾಯವಾದರೆ ಅದು ಚಿತ್ರ ಹಿಡಿಯುವ ಸೆನ್ಸರಿನ ಮೇಲಿನ ಧೂಳು. ಯಕ್ಷಗಾನದ ರಂಗಸ್ಥಳದ ಎಲ್‌ಇಡಿ ಬೆಳಕಿನಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಅದು ದೀಪದ ಮಿಟುಕು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಹಾಗಾಗಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಸದ್ದಿಲ್ಲದ ಸೈಲೆಂಟ್ ಶಟರ್ ಬಂದ್ ಮಾಡಿ ಶಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಟ್ಟು ನೋಡಿ.

ಭಾವನ ಕಾರ್ಡಿನಲ್ಲಿ ಸಂಜೆ ನಾಲ್ಕು ಗಂಟೆ ಐದು ನಿಮಿಷದಿಂದ ನಾಲ್ಕೂ ಇಪ್ಪತ್ತೈದರವರೆಗಿನ ಎಲ್ಲವೂ ಹಾಲು ಬಣ್ಣ. ಆಮೇಲೆ ತಿಳಿ. ಕತ್ತಲಾಗಿ ದೀಪ ಹತ್ತಿದ ಮೇಲೆ ಮತ್ತೆ ಮಬ್ಬು. ಅದರ ನಡುವೆ ಅಲ್ಲೊಂದು ಇಲ್ಲೊಂದು ಕಲಸಿದ ಕಾಲು. "ನೀವು ಕಾರಿನಲ್ಲಿ ಎಸಿ ಹಾಕಿದ್ರಾ?" ಎಂದೆ. "ಮತ್ತೆ? ಆ ಸೆಕೆಗೆ?" ಎಂದರು.

ಬೆವರಿದ ಗಾಜು

ಕರಾವಳಿಯಲ್ಲಿ ಇದು ಎಷ್ಟು ಸಾಮಾನ್ಯವೋ ಅಷ್ಟೇ ಅಲಕ್ಷ್ಯಕ್ಕೆ ಒಳಗಾದದ್ದು. ಲೆಕ್ಕ ಸುಲಭ. ಹೊರಗೆ 28 ಡಿಗ್ರಿ ಸೆಕೆ, ತೇವಾಂಶ 85 ಶೇಕಡಾ ಇದ್ದರೆ, ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಗಾಳಿಯಲ್ಲಿನ ನೀರು ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಲೋಟ ಬೆವರುವ ಹಾಗೆ. ಕಾರಿನಲ್ಲಿ ಒಂದು ಗಂಟೆ 22 ಡಿಗ್ರಿಯಲ್ಲಿ ಕೂತ ಲೆನ್ಸ್ ರಥಬೀದಿಗೆ ಇಳಿದ ಕೂಡಲೇ ಬೆವರದೆ ಏನು ಮಾಡೀತು?

ಪರೀಕ್ಷೆ: ಮುಂದಿನ ಗಾಜನ್ನು ಓರೆಯಾಗಿ ನೋಡಿ. ಮಂಜು ಕೂತಿದ್ದರೆ ಒರೆಸಿದ ಅರ್ಧ ನಿಮಿಷದಲ್ಲಿ ಮತ್ತೆ ಕೂರುತ್ತದೆ. ಕೊಳೆಯಾದರೆ ಒರೆಸಿದ ಮೇಲೆ ಕೂಡಲೇ ಮರಳುವುದಿಲ್ಲ. ಮತ್ತೆ ಮತ್ತೆ ಒರೆಸಿ ಪ್ರಯೋಜನವಿಲ್ಲ, ಗಾಜಿನ ಮೇಲಿನ ತೆಳು ಲೇಪ (ಕೋಟಿಂಗ್) ಸವೆಯುವುದು ಮಾತ್ರ ಲಾಭ.

ಪರಿಹಾರ ಖರ್ಚಿಲ್ಲದ್ದು. ಎಸಿ ಕಾರಿನಲ್ಲೋ ರೂಮಿನಲ್ಲೋ ಇರುವಾಗಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಮುಚ್ಚಿ. ಹೊರಗೆ ಇಳಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಚೀಲದಲ್ಲೇ ಇರಲಿ. ನೀರು ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಅಥವಾ ತಲಪುವ ಅರ್ಧ ಗಂಟೆ ಮೊದಲು ಎಸಿ ಬಂದ್ ಮಾಡಿ ಕಿಟಕಿ ಇಳಿಸಿ. ಹೆಂಡತಿ ಮಕ್ಕಳು ಬೈದರೆ ಅದಕ್ಕೆ ನಾನು ಜವಾಬ್ದಾರನಲ್ಲ. ಒಂದು ಮಾತು ಮಾತ್ರ ಖಡಾಖಂಡಿತ: ಲೆನ್ಸ್ ತಣ್ಣಗಿರುವಾಗ ಬಾಡಿಯಿಂದ ಬಿಚ್ಚಬೇಡಿ. ಹೊರಗಿನ ಸೆಕೆಗಾಳಿ ಒಳನುಗ್ಗಿ ಹಿಂದಿನ ಗಾಜಿನ ಮೇಲೆ, ಸೆನ್ಸರಿನ ಮೇಲೆ ಬೆವರು ಕೂರುತ್ತದೆ. ಅಲ್ಲಿ ಒರೆಸಲು ನಿಮ್ಮ ಬೆರಳು ಹೋಗುವುದಿಲ್ಲ, ಹೋಗಲೂಬಾರದು.

ಕೈಯೋ, ಶಟರೋ

ಇದನ್ನು ಬೇಗ ಮುಗಿಸುವ. ಉದ್ದದ ಲೆನ್ಸಿಗೆ ಎಷ್ಟು ಎಂಎಂ ಇದೆಯೋ ಅದನ್ನು ಒಂದೂವರೆ ಪಟ್ಟು ಮಾಡಿ, ಶಟರ್ ಅದಕ್ಕಿಂತ ವೇಗವಾಗಿರಲಿ. 250 ಎಂಎಂಗೆ 375 ಆಗುತ್ತದೆ, ಹಾಗಾಗಿ 1/400. ಇದು ಸಾಮಾನ್ಯವಾಗಿ ಹವ್ಯಾಸಿಗಳ ಕೈಯಲ್ಲಿರುವ ಎಪಿಎಸ್‌-ಸಿ (ಸ್ವಲ್ಪ ಚಿಕ್ಕ) ಸೆನ್ಸರಿನ ಕ್ಯಾಮೆರಾಗಳ ಲೆಕ್ಕ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನು ಸರಿಮಾಡಬಲ್ಲದು, ಹುಲಿಯ ಕುಣಿತವನ್ನಲ್ಲ. ತಾಸೆ ವಾದ್ಯದ ಬಡಿತಕ್ಕೆ ಹಾರುವ ಹುಲಿಗೆ 1/500 ಆದರೂ ಬೇಕು. ಕಂಬಳದ ಕರೆಯಲ್ಲಿ (ಓಟದ ಕೆಸರುಗದ್ದೆಯಲ್ಲಿ) ಕೋಣ ಓಡುವಾಗ ಕೆಸರುನೀರಿನ ಹನಿ ಗಾಳಿಯಲ್ಲೇ ನಿಲ್ಲಬೇಕಾದರೆ 1/1000ಕ್ಕಿಂತ ಕಡಿಮೆ ಬೇಡ. ಆಟೋದಲ್ಲಿ ಇಟ್ಟರೆ ಸಂಜೆ ಹೊತ್ತಿಗೆ ಕ್ಯಾಮೆರಾ ಸುಮ್ಮನೆ 1/60ಕ್ಕೆ ಇಳಿಯುತ್ತದೆ. ಭಾವನಿಗೆ ಆದದ್ದೂ ಅದೇ. ಶಟರನ್ನು ನೀವು ಹಿಡಿದಿಟ್ಟು, ಬೆಳಕಿಗೆ ಸೆನ್ಸರಿನ ಚುರುಕು ಎನ್ನುವ ಐಎಸ್‌ಒವನ್ನು ಆಟೋಕ್ಕೆ ಬಿಡಿ. 3200ರಲ್ಲಿ ಕಾಳುಕಾಳಾಗಿ ಬಂದ ಫೋಟೋವನ್ನು ಮನೆಯವರು ಮೆಚ್ಚುತ್ತಾರೆ, ಕಲಸಿಹೋದದ್ದನ್ನು ಯಾರೂ ಮೆಚ್ಚುವುದಿಲ್ಲ.

ಪೇಪರ್ ಪರೀಕ್ಷೆ

ಫೋಕಸ್ ಮೇಲೆ ಸಂಶಯ ಇದ್ದರೆ ಹಳೆಯ ಉದಯವಾಣಿಯ ಒಂದು ಪುಟ ಸಾಕು. ಸಣ್ಣ ಅಕ್ಷರ ಹೆಚ್ಚಿರುವ ಪುಟ ಆರಿಸಿ. ಕನ್ನಡದ ಒತ್ತಕ್ಷರ, ಅನುಸ್ವಾರದ ಸೊನ್ನೆಗಳು ಲೆನ್ಸಿನ ಚುರುಕನ್ನು ಅಳೆಯಲು ಬಹಳ ಒಳ್ಳೆಯವು. ಸೊನ್ನೆಯ ಒಳಗಿನ ಬಿಳಿ ಕಾಣುತ್ತದೋ ತುಂಬಿಹೋಗಿದೆಯೋ ಎಂದು ನೋಡಿದರೆ ಗೊತ್ತಾಗುತ್ತದೆ.

1. ಪುಟವನ್ನು ಬೆಳಕಿರುವ ಗೋಡೆಗೆ ಮಡಿಕೆ ಇಲ್ಲದೆ ಅಂಟಿಸಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಥವಾ ಮೇಜಿನ ಮೇಲೆ ಪುಸ್ತಕ ಪೇರಿಸಿ ಇಡಿ, ಗೋಡೆಗೆ ನೇರ ಎದುರಾಗಿ. 50 ಎಂಎಂ ಲೆನ್ಸಿಗೆ ಎರಡೂವರೆ ಮೀಟರ್ ದೂರ ಸರಿಯಾಗುತ್ತದೆ.
2. ಸ್ಟೆಬಿಲೈಸೇಶನ್ ಬಂದ್, ಎರಡು ಸೆಕೆಂಡಿನ ಟೈಮರ್, ಅಪರ್ಚರ್ ಪೂರ್ತಿ ತೆರೆದದ್ದು.
3. ಮೂರು ಫೋಟೋ: ಒಂದು ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ಆಟೋಫೋಕಸ್‌ನಲ್ಲಿ, ಒಂದು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ), ಒಂದು ಲೈವ್ ವ್ಯೂ ಹಿಗ್ಗಿಸಿ ಕೈಯಿಂದ ಫೋಕಸ್ ತಿರುಗಿಸಿ. ಅದೇ ಮೂರನ್ನು ಎಫ್/8ರಲ್ಲೂ ತೆಗೆಯಿರಿ.

ಲೈವ್ ವ್ಯೂನದ್ದು ಚೊಕ್ಕ, ವ್ಯೂಫೈಂಡರಿನದ್ದು ಮಸುಕು ಎಂದಾದರೆ ಗಾಜು ಸರಿ ಇದೆ, ಆಟೋಫೋಕಸ್ ಹೊಂದಾಣಿಕೆ ತಪ್ಪಿದೆ. ಮೇಲ್ದರ್ಜೆಯ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ ಇದನ್ನು ಮೆನುವಿನಲ್ಲೇ ತಿದ್ದಬಹುದು. ನಿಕಾನ್ ಡಿ5600, ಕ್ಯಾನನ್ 1500ಡಿ ಥರದ ಆರಂಭಿಕ ಬಾಡಿಗಳಲ್ಲಿ ಆ ಮೆನು ಇಲ್ಲ. ಸರ್ವೀಸಿಗೆ ಕೊಡಬೇಕು, ಇಲ್ಲವೇ ಲೈವ್ ವ್ಯೂನಲ್ಲೇ ತೆಗೆಯುವ ಅಭ್ಯಾಸ ಮಾಡಬೇಕು. ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ಸೆನ್ಸರಿನ ಮೇಲೆಯೇ ಫೋಕಸ್ ಅಳೆಯುವುದರಿಂದ ಈ ತಾಪತ್ರಯ ಅಲ್ಲಿಲ್ಲ. ಮೂರೂ ಎಫ್/8ರಲ್ಲೂ ಮಸುಕು ಎಂದರೆ ಗಾಜಿನ ಕಡೆ ಹೋಗಿ. ಒಂದು ಮೂಲೆ ಮಾತ್ರ ಮಸುಕಾಗಿ ಉಳಿದದ್ದೆಲ್ಲ ಚೊಕ್ಕ ಇದ್ದರೆ, ಲೆನ್ಸ್ ಯಾವಾಗಲೋ ಕೆಳಗೆ ಬಿದ್ದಿರಬೇಕು, ಮನೆಯಲ್ಲಿ ವಿಚಾರಿಸಿ. ಯಾರೂ ಒಪ್ಪಿಕೊಳ್ಳಲಿಕ್ಕಿಲ್ಲ.

ಪೇಪರಿನಲ್ಲಿ ಎಲ್ಲವೂ ಪಾಸಾಗಿ, ಆದರೂ ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ ಹಚ್ಚಿಕೊಳ್ಳುವ ವೇಷಧಾರಿಯ ಫೋಟೋ ಮಸುಕು ಬರುತ್ತದೆ ಎನ್ನುವವರಿಗೊಂದು ಮಾತು. 50 ಎಂಎಂ ಲೆನ್ಸನ್ನು ಎಫ್/1.8ರಲ್ಲಿ ಇಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಚೊಕ್ಕ ಬರುವ ಭಾಗದ ದಪ್ಪ ಸುಮಾರು 6 ಸೆಂಟಿಮೀಟರ್ ಮಾತ್ರ. ಮೂಗಿಗೆ ಫೋಕಸ್ ಬಿದ್ದರೆ ಕಿವಿ ಹೋಯಿತು, ಕಣ್ಣಿಗೆ ಬಿದ್ದ ಮೇಲೆ ಅವರು ಕನ್ನಡಿಯತ್ತ ಒಂದಿಷ್ಟು ಬಾಗಿದರೆ ಕಣ್ಣೂ ಹೋಯಿತು. ಎಫ್/2.8ಕ್ಕೆ ಬನ್ನಿ, ಫೋಕಸ್ ಚುಕ್ಕೆಯನ್ನು ನೀವೇ ಕಣ್ಣಿನ ಮೇಲೆ ಇಡಿ, ಐದಾರು ಫೋಟೋ ಒಟ್ಟಿಗೆ ಹೊಡೆಯಿರಿ.

ಟಾರ್ಚ್ ಪರೀಕ್ಷೆ

ಭಾವನ ಕಾರ್ಡಿನಲ್ಲಿ ಉಳಿದದ್ದು ದೀಪದ ಎದುರಿನ ಮಬ್ಬು. ಈಗ ಲೆನ್ಸಿಗೆ ಕೈಹಾಕುವ ಹೊತ್ತು.

ಮೊದಲು ಫಿಲ್ಟರ್ ಬಿಚ್ಚಿ ಬೇರೆ ಇಡಿ. ಹೊಸ ಲೆನ್ಸಿನ ಜೊತೆ ಒತ್ತಾಯಕ್ಕೆ ತೆಗೆದುಕೊಂಡ ಅಗ್ಗದ ಯುವಿ ಫಿಲ್ಟರ್ ಅನೇಕ ಸಲ ಒಳ್ಳೆಯ ಲೆನ್ಸಿಗೆ ಕೆಟ್ಟ ಹೆಸರು ತರುತ್ತದೆ. ಡಿಜಿಟಲ್ ಸೆನ್ಸರಿನ ಮುಂದೆ ಯುವಿ ತಡೆಯುವ ಗಾಜು ಮೊದಲೇ ಇರುತ್ತದೆ, ಹಾಗಾಗಿ ಈ ಫಿಲ್ಟರಿನ ನಿಜವಾದ ಕೆಲಸ ಉಪ್ಪುಗಾಳಿ, ಮರಳಿನಿಂದ ರಕ್ಷಣೆ. ಮಲ್ಪೆ, ಪಣಂಬೂರು, ತಣ್ಣೀರುಬಾವಿಗೆ ಹೋಗುವಾಗ ಇರಲಿ. ರಾತ್ರಿ ದೀಪಾಲಂಕಾರಕ್ಕೆ, ಅಂದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಉಡುಪಿಯ ಪರ್ಯಾಯ ಉತ್ಸವಕ್ಕೋ ಮಂಗಳೂರಿನ ಕುದ್ರೋಳಿಯ ದಸರಾಕ್ಕೋ ಹೋದಾಗ ತೆಗೆದು ಕಿಸೆಗೆ ಹಾಕಿ. ಇಲ್ಲದಿದ್ದರೆ ಪ್ರತಿ ದೀಪಕ್ಕೂ ಒಂದು ಹಸಿರು ಪ್ರೇತದಂಥ ಪ್ರತಿಬಿಂಬ ಜೊತೆಯಾಗುತ್ತದೆ.

ಈಗ ಕತ್ತಲು ಕೋಣೆಯಲ್ಲಿ ಲೆನ್ಸ್ ಬಿಚ್ಚಿ, ಮೊಬೈಲಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ, ನಂತರ ತಿರುಗಿಸಿ ನೋಡಿ. ಕ್ಯಾನನ್ ಇಎಫ್ ಲೆನ್ಸಿನ ಅಪರ್ಚರ್ ಬಿಚ್ಚಿದಾಗ ತೆರೆದೇ ಇರುತ್ತದೆ. ನಿಕಾನಿನ ಜಿ ಮಾದರಿಯ ಲೆನ್ಸಿನದ್ದು ಮುಚ್ಚಿಕೊಳ್ಳುತ್ತದೆ, ಹಿಂಭಾಗದ ಸಣ್ಣ ಲಿವರನ್ನು ಮೆಲ್ಲಗೆ ಸರಿಸಿ ಹಿಡಿಯಬೇಕು. ಟಾರ್ಚ್ ಬದಲು ಸೂರ್ಯನ ಕಡೆ ಹಿಡಿದು ನೋಡಬೇಡಿ, ಕಣ್ಣು ಹೋದರೆ ಬದಲಿ ಸಿಗುವುದಿಲ್ಲ.

ಕಾಣುವುದು ನಾಲ್ಕು ಬಗೆ. ಬಿಡಿಬಿಡಿಯಾದ ಬಿಳಿ ಚುಕ್ಕೆ ಎಂದರೆ ಧೂಳು. ಎಲ್ಲ ಲೆನ್ಸಿನಲ್ಲೂ ಇರುತ್ತದೆ, ಚಿತ್ರಕ್ಕೆ ಏನೂ ಆಗುವುದಿಲ್ಲ, ತಲೆಕೆಡಿಸಿಕೊಳ್ಳಬೇಡಿ. ಗಾಜಿಡೀ ತೆಳು ಬಿಳಿ ಪೊರೆ ಹರಡಿದ್ದರೆ ಒಳಗಿನ ಎಣ್ಣೆ ಆವಿಯಾಗಿ ಕೂತ ಮಸಕು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಇದ್ದರೆ ಎರಡು ಗಾಜು ಅಂಟಿಸಿದ ಅಂಟು ಬಿಟ್ಟಿದೆ, ಹಳೆಯ ಲೆನ್ಸುಗಳ ಕಾಯಿಲೆ ಅದು. ಜೇಡರಬಲೆಯ ಎಳೆಯ ಹಾಗೆ, ಕವಲೊಡೆದು ಬೇರು ಬಿಟ್ಟ ಹಾಗೆ ಕಂಡರೆ ಅದೇ ಫಂಗಸ್.

ಭಾವನ ಲೆನ್ಸಿನಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಬೇರೆ ಇಟ್ಟಿದ್ದ ಫಿಲ್ಟರನ್ನು ಟಾರ್ಚಿಗೆ ಹಿಡಿದೆ. ಒಳಮೈಯಲ್ಲಿ ಅಂಚಿನಿಂದ ಒಳಗೆ ಎಳೆ ಎಳೆ! ಎರಡು ವರ್ಷದಿಂದ ಅದನ್ನು ಬಿಚ್ಚಿಯೇ ಇರಲಿಲ್ಲ. ಫಿಲ್ಟರಿಗೂ ಲೆನ್ಸಿಗೂ ನಡುವೆ ತೇವ ಸಿಕ್ಕಿಕೊಂಡು ಬೆಳೆದದ್ದು. "ಒಳ್ಳೆಯದನ್ನೊಮ್ಮೆ ನೋಡಿ ಭಾವ, ವ್ಯತ್ಯಾಸ ಗೊತ್ತಾಗ್ತದೆ" ಎಂದು ಕಪಾಟಿನಿಂದ ಚರ್ಮದ ಪೌಚಿನಲ್ಲಿ ಇಟ್ಟಿದ್ದ ನನ್ನ ಹಳೆಯ 50 ಎಂಎಂ ತಂದು ಟಾರ್ಚ್ ಬಿಟ್ಟೆ. ಎರಡನೇ ಗಾಜಿನ ಮೇಲೆ, ಮಲ್ಲಿಗೆ ಹೂವಿನಷ್ಟು ಅಗಲಕ್ಕೆ, ಚಂದವಾಗಿ ಬೆಳೆದಿತ್ತು. ಭಾವ ಏನೂ ಹೇಳಲಿಲ್ಲ. ಚಾ ಕುಡಿದರು.

ಫಂಗಸ್ ಹೊರಮೈಯಲ್ಲಿದ್ದರೆ ಮೊದಲು ಬ್ಲೋವರಿನಿಂದ ಮರಳು ಧೂಳು ಹಾರಿಸಿ, ಆಮೇಲೆ ಐಸೊಪ್ರೊಪಿಲ್ ಆಲ್ಕೋಹಾಲ್ ಒಂದೆರಡು ಹನಿ ಹಾಕಿದ ಲೆನ್ಸ್ ಟಿಶ್ಯೂನಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ದ್ರವವನ್ನು ಟಿಶ್ಯೂ ಮೇಲೆ ಹಾಕಿ, ಗಾಜಿನ ಮೇಲೆ ಸುರಿಯಬೇಡಿ. ಸಮುದ್ರದ ಉಪ್ಪು ಕೂತದ್ದಾದರೆ ಒಣಬಟ್ಟೆಗೆ ಹೋಗುವುದಿಲ್ಲ, ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ತೇವ ಮಾಡಿದ ಮೆತ್ತನೆ ಬಟ್ಟೆ ಬೇಕು. ಒಳಗಿದ್ದರೆ ನೀವಾಗಿ ಬಿಚ್ಚಬೇಡಿ. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ಬೆಳೆಯುವುದು ನಿಂತರೂ ಎಳೆ ಅಲ್ಲೇ ಉಳಿಯುತ್ತದೆ, ಅದು ಬಿಟ್ಟ ಆಮ್ಲ ಕೋಟಿಂಗನ್ನು ಕೊರೆದಿದ್ದರೆ ಆ ಗುರುತು ಒರೆಸಿದರೂ ಹೋಗುವುದಿಲ್ಲ. ಕ್ಯಾಮೆರಾದ ಜೊತೆಗೇ ಬಂದ ಕಿಟ್ ಲೆನ್ಸ್ ಆದರೆ ಬಿಚ್ಚಿ ತೊಳೆಯುವ ಕೂಲಿ ಎಷ್ಟೆಂದು ಮೊದಲೇ ಕೇಳಿ, ಅದೇ ಲೆನ್ಸ್ ಸೆಕೆಂಡ್‌ಹ್ಯಾಂಡ್ ಸಿಗುವ ಬೆಲೆಗೆ ಹೋಲಿಸಿ.

ಹಪ್ಪಳದ ಡಬ್ಬ

ತೇವಾಂಶ 70 ಶೇಕಡಾ ಮೀರಿ ಕೆಲವು ದಿನ ನಿಂತರೆ ಫಂಗಸಿಗೆ ಸಾಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಿನನಿತ್ಯದ ಸಂಗತಿ. ಗೋಡೆಯೇ ಬೆವರುವ ಆಟಿ ತಿಂಗಳಲ್ಲಿ ಬಟ್ಟೆಯ ಬ್ಯಾಗು, ಚರ್ಮದ ಪೌಚು ತೇವ ಹೀರಿ ಹಿಡಿದುಕೊಳ್ಳುತ್ತವೆ. ಹಲಸಿನ ಹಪ್ಪಳವನ್ನು ಯಾರಾದರೂ ಬಟ್ಟೆ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿ ಇಡುತ್ತಾರೆಯೇ? ಗಾಳಿಯಾಡದ ಡಬ್ಬದಲ್ಲಿ ಹಾಕಿ ಅಟ್ಟದಲ್ಲಿಟ್ಟು ಕಾಯುತ್ತಾರೆ. ನೂರು ರೂಪಾಯಿಯ ಹಪ್ಪಳಕ್ಕೆ ಇರುವ ಆ ಜಾಗ್ರತೆ ಮೂವತ್ತು ಸಾವಿರದ ಲೆನ್ಸಿಗೆ ನಾನು ಕೊಟ್ಟಿರಲಿಲ್ಲ.

ತೇವಾಂಶವನ್ನು ಹಿಡಿತದಲ್ಲಿಡುವ ಡ್ರೈ ಕ್ಯಾಬಿನೆಟ್ ಇದ್ದರೆ ಒಳ್ಳೆಯದು. ಎರಡು ಮೂರು ಲೆನ್ಸ್ ಇರುವವರಿಗೆ ರಬ್ಬರ್ ಪಟ್ಟಿಯ ಮುಚ್ಚಳ ಇರುವ ಅಡಿಗೆಮನೆಯ ಪ್ಲಾಸ್ಟಿಕ್ ಡಬ್ಬವೇ ಸಾಕು. ಹತ್ತು ಹನ್ನೆರಡು ಲೀಟರಿನದ್ದಕ್ಕೆ ನಾನು 200 ಗ್ರಾಂ ಸಿಲಿಕಾ ಜೆಲ್ ಹಾಕುತ್ತೇನೆ. ನೀಲಿ ಕಾಳು ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ. 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದ್ದು, ವಿಷ. ಹಾಗಾಗಿ ದೋಸೆ ಕಾವಲಿಯಲ್ಲಿ ಹುರಿಯಬಾರದು, ಅದಕ್ಕೆಂದೇ ಒಂದು ಹಳೆಯ ಪಾತ್ರೆ ಬೇರೆ ಇಡಿ. ಅಕ್ಕಿ ಹಾಕುವವರೂ ಉಂಟು. ಅಕ್ಕಿ ನಮ್ಮ ಮಳೆಗಾಲದಲ್ಲಿ ತಾನೇ ತೇವ ಹಿಡಿದು ಕೂತಿರುತ್ತದೆ, ಮೇಲಿಂದ ಹಿಟ್ಟಿನ ಧೂಳು ಬೇರೆ.

ಒಳಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ, 40ರಿಂದ 50 ಶೇಕಡಾ ಇರಲಿ. 30ಕ್ಕಿಂತ ಕೆಳಗೆ ಇಳಿದರೆ ಲೆನ್ಸಿನ ಗ್ರೀಸು, ರಬ್ಬರಿಗೆ ಒಳ್ಳೆಯದಲ್ಲ. ಅಗ್ಗದ ಮೀಟರ್ ಸುಳ್ಳು ಹೇಳುತ್ತದೆ, ಅದನ್ನು ಹಿಡಿಯಲು ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ, ಹಸಿಮರಳಿನ ಹದಕ್ಕೆ ನಾಲ್ಕು ಹನಿ ನೀರು ಬೆರೆಸಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಒಳಗಿನ ಗಾಳಿ 75 ಶೇಕಡಾಕ್ಕೆ ನಿಲ್ಲುತ್ತದೆ. ನನ್ನ ಮೀಟರ್ 69 ತೋರಿಸಿತು. ಹಾಗಾಗಿ ಅದು 45 ಎಂದರೆ ನಾನು 51 ಎಂದು ಓದಿಕೊಳ್ಳುತ್ತೇನೆ.

ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳಲು ಹೋಗುವವರು ಮೇಲಿನ ಟಾರ್ಚ್ ಪರೀಕ್ಷೆಯನ್ನು ಮಾರುವವರ ಎದುರೇ ಮಾಡಿ, ನಾಚಿಕೆ ಬೇಡ. ಮಳೆಗಾಲದಲ್ಲಿ ಎಲ್ಲಿ ಇಟ್ಟಿದ್ದಿರಿ ಎಂದೂ ಕೇಳಿ. "ಬ್ಯಾಗಿನಲ್ಲೇ, ತೆಗೆಯಲೇ ಇಲ್ಲ, ಹೊಸದರ ಹಾಗೆ ಉಂಟು" ಎಂಬ ಉತ್ತರ ಬಂದರೆ ಟಾರ್ಚನ್ನು ಇನ್ನೊಂದು ಸಲ ಬಿಡಿ.

ಭಾವ ಫಿಲ್ಟರನ್ನು ನಮ್ಮ ಮನೆಯ ಕಸದ ಬುಟ್ಟಿಗೆ ಹಾಕಿ ಹೋದರು. ಆ ದಿನ ಅವರು ಖರ್ಚು ಮಾಡಿದ್ದು ಬಂದುಹೋದ ಪೆಟ್ರೋಲಿಗೆ ಮಾತ್ರ. ನನ್ನ 50 ಎಂಎಂ ರಿಪೇರಿಯವರ ಹತ್ತಿರ ಹೋಗಿ ಹನ್ನೆರಡು ದಿನಕ್ಕೆ ಮರಳಿತು. ಅದೇ ಗೋಡೆಗೆ ಅದೇ ಪುಟ ಅಂಟಿಸಿ ತೆಗೆದೆ: ಸೊನ್ನೆಗಳ ಒಳಗಿನ ಬಿಳಿ ಕಾಣುತ್ತಿದೆ. ದೀಪದ ಎದುರು ಹಿಡಿದರೆ ಮಾತ್ರ ನಡುವೆ ತೆಳುವಾದ ಒಂದು ಕಲೆ ಉಳಿದಿದೆ. ಕೋಟಿಂಗ್ ತಿಂದುಹೋದ ಜಾಗ ಅದು. ಹಾಗಾಗಿ ಈ ಲೆನ್ಸನ್ನು ಈಗ ಬೆಳಕು ಬೆನ್ನಿಗಿದ್ದಾಗ ಬಳಸುತ್ತೇನೆ.